ಬಾಣವಿಲ್ಲದ ಕಣಿವೆ

ಅರಗು ಕರಗಿದ ವಾಸನೆ, ಒದ್ದೆ ಕ್ಯಾನ್ವಾಸಿನ ವಾಸನೆ, ಜೊತೆಗೆ ಒಂದಿಷ್ಟು ಅಂಟಿನ ವಾಸನೆ. ಈ ಮೂರೂ ಕಲೆತು ಬಾಗಿಲಲ್ಲಿ ನಿಂತವೆಂದರೆ ದೊಡ್ಡಮ್ಮ ಕೆಲಸ ಮುಗಿಸಿ ಬಂದಳೆಂದೇ ಅರ್ಥ. ಚಿಕ್ಕವಳಿದ್ದಾಗ ಚುಕ್ಕಿ ಓಡಿಹೋಗಿ, ದೊಡ್ಡಮ್ಮನ ಹೆಗಲಿನಿಂದ ಇಳಿದ ಖಾಲಿ ಅಂಚೆ ಚೀಲದೊಳಗೆ ತಲೆ ತೂರಿಸಿ ಮೂಗಿನ ತುಂಬ ಉಸಿರೆಳೆಯುತ್ತಿದ್ದಳು. ಒಳಗೆ ಏನೂ ಇರುತ್ತಿರಲಿಲ್ಲ. ಆದರೂ ಆ ಕತ್ತಲಲ್ಲಿ ಇಡೀ ಊರೇ ಇದ್ದ ಹಾಗೆ ಅನಿಸುತ್ತಿತ್ತು. ಯಾರದೋ ಮನೆಯ ಮೆಟ್ಟಿಲು, ಯಾರದೋ ನಾಯಿ, ಯಾರೋ ಕಾಯುತ್ತಿರುವ ಸುದ್ದಿ.

“ಹೊರಗೆ ಬಾರೇ, ನಿನಗೂ ಮುದ್ರೆ ಒತ್ತಿ ಕಳಿಸಿಬಿಟ್ಟಾರು!” ಎಂದು ದೊಡ್ಡಮ್ಮ ಕಾಲು ಹಿಡಿದು ಎಳೆಯುತ್ತಿದ್ದಳು.

ಚುಕ್ಕಿ ಎಂಬ ಹೆಸರು ಆಗ ಇರಲಿಲ್ಲ. ಅದು ಈಗಿನ ಆಫೀಸಿನವರು ಇಟ್ಟದ್ದು. ಚಪ್ಪಲಿ ಅಂಗಡಿಯೊಂದರ ಮೇಲಿನ ನಾಲ್ಕನೇ ಮಹಡಿಯಲ್ಲಿ, ಪೂರ್ತಿ ಮುಚ್ಚಲು ಬಾರದ ಒಂದು ಕಿಟಕಿ ಮತ್ತು ಐದು ಮೇಜುಗಳಿದ್ದ ಕೋಣೆಯಲ್ಲಿ ಅವರು ವಿಡಿಯೊ ಗೇಮ್ ಕಟ್ಟುತ್ತಿದ್ದರು. ಒಂದು ಹಂತ ಮುಗಿಸಿ ಇನ್ನೊಂದಕ್ಕೆ ಹೋಗುವ ಆಟವಲ್ಲ. ‘ಓಪನ್ ವರ್ಲ್ಡ್’ ಎನ್ನುತ್ತಾರಲ್ಲ, ಆ ಬಗೆಯದು. ಒಂದು ಇಡೀ ಪ್ರಪಂಚವನ್ನು ಮುಂದೆ ಬಿಚ್ಚಿಟ್ಟು, ಎಲ್ಲಿ ಬೇಕಾದರೂ ಹೋಗು, ಏನು ಬೇಕಾದರೂ ಮಾಡು ಎಂದು ಆಡುವವರನ್ನು ಬಿಟ್ಟುಬಿಡುವ ಆಟ. ಇವರ ಪ್ರಪಂಚ ಒಂದು ಕಣಿವೆ. ಅಲ್ಲಿನ ಗಡಿಯಾರಗಳೆಲ್ಲ ಒಂದು ದಿನ ನಿಂತುಹೋಗಿವೆ. ಚೀಲದಲ್ಲಿ ಚಿಕ್ಕ ಚಿಕ್ಕ ಉಪಕರಣಗಳನ್ನಿಟ್ಟುಕೊಂಡು ಗಡಿಯಾರ ರಿಪೇರಿ ಮಾಡುವವಳೊಬ್ಬಳು ಅಲ್ಲಿಗೆ ಬರುತ್ತಾಳೆ. ಆಡುವವರೇ ಆ ರಿಪೇರಿಯವಳು.

ಕಣಿವೆಯ ನಕ್ಷೆ ನಮ್ಮವಳ ಕೆಲಸ. ಎಲ್ಲೆಲ್ಲಿ ಏನೇನಿದೆ ಎಂದು ತೋರಿಸಲು ನಕ್ಷೆಯ ಮೇಲೆ ಹಳದಿ ಚುಕ್ಕಿ ಇಡುತ್ತ ಹೋಗಿ ಹದಿನಾಲ್ಕು ತಿಂಗಳಲ್ಲಿ ಅವು ನಾನೂರ ಹನ್ನೆರಡಾಗಿದ್ದವು. “ದಡಾರ ಬಂದ ಮಗುವಿನ ಹಾಗಿದೆ ನಿಮ್ಮ ಕಣಿವೆ” ಎಂದು ಶಬ್ದ ವಿಭಾಗದವನು ನಕ್ಕಿದ್ದ. ಅವತ್ತಿನಿಂದ ಅವಳು ಚುಕ್ಕಿ. ಅವನಿಗೂ ಹೆಸರಿತ್ತು: ಡೋಲು. ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು ಸದ್ದು ಕೇಳುವ ಚಟ. ಪ್ರೋಗ್ರಾಂ ಬರೆಯುವವನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಆದ್ದರಿಂದ ಮೌನಿ. ಬೆಟ್ಟ, ಮನೆ, ಮೋಡ ಬರೆಯುವವಳು ವಯಸ್ಸಿನಲ್ಲಿ ಎಲ್ಲರಿಗೂ ದೊಡ್ಡವಳಾದ್ದರಿಂದ ಬಣ್ಣದಕ್ಕ. ಈ ನಾಲ್ವರ ಮೇಲೆ ಯಜಮಾನರು. ಅವರಿಗೂ ಒಂದು ಅಡ್ಡಹೆಸರಿತ್ತು, ಆದರೆ ಅದನ್ನು ಡೋಲು ಕೂಡ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಯಜಮಾನರು ಬಂದು ಚುಕ್ಕಿಯ ಮೇಜಿನ ಮುಂದೆ ನಿಂತರು. ಹಿಂದಿನ ವಾರ ಹೊರಗಿನಿಂದ ಬಂದು ಆಡಿ ನೋಡಿದ್ದ ಇಬ್ಬರೂ ನಲವತ್ತೇ ನಿಮಿಷಕ್ಕೆ ಆಕಳಿಸಿ ಎದ್ದಿದ್ದರು.

“ಇಬ್ಬರನ್ನೂ ಕೇಳಿದೆ, ಹೇಗಿತ್ತು ಅಂತ. ಏನಂದ್ರು ಗೊತ್ತಾ? ‘ಚೆನ್ನಾಗಿದೆ’ ಅಂದ್ರು.”

“ಚೆನ್ನಾಗಿದೆ ಅಂದ್ರೆ ಒಳ್ಳೇದಲ್ವಾ ಸಾರ್?” ಎಂದ ಡೋಲು.

“ಹುಡುಗಿ ನೋಡೋಕೆ ಹೋದವರು ಕಾಫಿ ಚೆನ್ನಾಗಿದೆ ಅಂದ ಹಾಗೆ ಅದು.” ಯಜಮಾನರು ನಗಲಿಲ್ಲ. “ಕಣಿವೆ ದೊಡ್ಡದು, ಒಪ್ಪಿದೆ. ದೊಡ್ಡದು ಎಲ್ಲರ ಹತ್ತಿರಾನೂ ಇದೆ. ಇದರಲ್ಲಿ ಹೊಸದೇನು? ಶುಕ್ರವಾರ ಮಧ್ಯಾಹ್ನ ನಾನೇ ಕೂತು ಒಂದು ಗಂಟೆ ಆಡ್ತೀನಿ. ಬೇರೆ ಕಡೆ ಕಾಣದೇ ಇರೋದು ಏನಾದರೂ ಕಂಡರೆ ಮುಂದುವರಿಸಿ. ಇಲ್ಲದಿದ್ರೆ ಕಣಿವೆಗೆ ಬೀಗ ಹಾಕಿ ನಾಲ್ಕೂ ಜನ ನಮ್ಮ ಕಾರ್ ರೇಸಿನ ಆಟದ ಕಡೆಗೆ ಬನ್ನಿ.”

ಅವರು ಹೋದ ಮೇಲೆ ಚುಕ್ಕಿ ಆ ಇಬ್ಬರೂ ನಡೆದ ದಾರಿಯನ್ನು ಸ್ಕ್ರೀನಿನ ಮೇಲೆ ತೆಗೆದು ನೋಡಿದಳು. ಎರಡು ಗೆರೆ. ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆ. ಚುಕ್ಕಿಯಿಂದ ಚುಕ್ಕಿಗೆ, ಚುಕ್ಕಿಯಿಂದ ಚುಕ್ಕಿಗೆ, ಇರುವೆ ಸಾಲಿನ ಹಾಗೆ. ಬಣ್ಣದಕ್ಕ ಮೂರು ತಿಂಗಳು ಕೂತು ಬರೆದಿದ್ದ ಜಲಪಾತದ ಪಕ್ಕದಲ್ಲೇ ಇಬ್ಬರೂ ಹಾದುಹೋಗಿದ್ದರು, ಕತ್ತೆತ್ತಿ ನೋಡಿರಲಿಲ್ಲ.

“ಇನ್ನೂ ಐವತ್ತು ಚುಕ್ಕಿ ಇಡೋಣ್ವಾ?” ಎಂದಳು ಚುಕ್ಕಿ, ತನಗೇ ನಂಬಿಕೆಯಿಲ್ಲದ ದನಿಯಲ್ಲಿ.

ಸಂಜೆ ಕಸ ಗುಡಿಸಲು ಬಂದವಳು ಅವಳ ಮೇಜಿನ ಕೆಳಗೆ ಬಿದ್ದಿದ್ದ ನಕ್ಷೆಯ ಹಾಳೆಗಳನ್ನು ಎತ್ತಿ, ಧೂಳು ಒರೆಸಿ, ಇದ್ದ ಕ್ರಮದಲ್ಲೇ ಜೋಡಿಸಿಟ್ಟು ಹೋದಳು.

ಮಂಗಳವಾರ ಮೂರನೆಯವರು ಆಡಲು ಬರಬೇಕಿತ್ತು. ಹತ್ತು ಗಂಟೆಗೆ ಫೋನು ಬಂತು: ಜ್ವರ, ಬರಲಾಗುವುದಿಲ್ಲ. ಚುಕ್ಕಿ ಕೈಚೆಲ್ಲಿ ಕೂತಿರುವಾಗಲೇ ಬಾಗಿಲಲ್ಲಿ ದೊಡ್ಡಮ್ಮ ಏದುಸಿರು ಬಿಡುತ್ತ ನಿಂತಿದ್ದಳು. ಅವಳು ಎರಡು ಬೀದಿ ಆಚೆ ಇರುವವಳು, ಅಂಚೆ ಕೆಲಸದಿಂದ ನಿವೃತ್ತಳಾಗಿ ಒಂಬತ್ತು ವರ್ಷ. ಮಂಡಿ ನೋವು. ಆದರೂ ಲಿಫ್ಟು ಅಂದರೆ ಆಗದು.

“ಮನೆ ಬೀಗದ ಕೈ ಬಾಗಿಲಲ್ಲೇ ಬಿಟ್ಟು ಬಂದಿದ್ದೀಯಲ್ಲೇ! ಪಕ್ಕದ ಮನೆಯವರು ತಂದು ಕೊಟ್ರು. ನಿನ್ನ ತಲೆ ಯಾವ ಊರಲ್ಲಿದೆ ಮರಿ?”

“ಕಣಿವೆಯಲ್ಲಿ, ದೊಡ್ಡಮ್ಮ.”

ಡೋಲು ಒಂದು ಕ್ಷಣ ದೊಡ್ಡಮ್ಮನನ್ನು ನೋಡಿದ, ಖಾಲಿ ಕುರ್ಚಿಯನ್ನು ನೋಡಿದ. “ಅಮ್ಮಾ, ನಿಮಗೆ ಒಂದು ಗಂಟೆ ಬಿಡುವಿದೆಯಾ?”

“ನನಗಾ? ನಿವೃತ್ತಿ ಆದಮೇಲೆ ಬಿಡುವು ಬಿಟ್ಟು ಬೇರೇನಿದೆ ನನ್ನ ಹತ್ತಿರ!”

“ಬೇಡಪ್ಪಾ, ಅವಳಿಗೆ ಟಿವಿ ರಿಮೋಟೇ ಬರಲ್ಲ” ಎಂದಳು ಚುಕ್ಕಿ.

“ನಿನಗೆ ಸೈಕಲ್ ಹೊಡೆಯೋಕೆ ಕಲಿಸಿದ್ದು ಯಾರು?” ಎನ್ನುತ್ತ ದೊಡ್ಡಮ್ಮ ಆಗಲೇ ಕುರ್ಚಿಯಲ್ಲಿ ಕೂತಾಗಿತ್ತು. ಡೋಲು ಎಲ್ಲಿಂದಲೋ ಒಂದು ಮಣೆ ತಂದು ಅವಳ ಕಾಲಿನ ಕೆಳಗೆ ಸರಿಸಿದ. ಮೌನಿ ಏನೂ ಕೇಳದೆ ಪರದೆಯ ಅಕ್ಷರಗಳನ್ನು ಎರಡರಷ್ಟು ದೊಡ್ಡದು ಮಾಡಿ, ಕಂಟ್ರೋಲರನ್ನು ಅವಳ ಕೈಗಿತ್ತ.

“ಇದೇನಪ್ಪಾ, ಏಡಿ ಹಿಡಿದ ಹಾಗಿದೆ.”

“ಎಡಗೈ ಹೆಬ್ಬೆರಳಲ್ಲಿ ನಡಿಗೆ, ಬಲಗೈಯಲ್ಲಿ ನೋಟ. ಈ ಗುಂಡಿ ಒತ್ತಿದರೆ ಮಾತು. ಅಷ್ಟೇ” ಎಂದ ಮೌನಿ. ಅವತ್ತಿನ ಹತ್ತು ಮಾತು ಅಲ್ಲಿಗೇ ಮುಗಿದುಹೋಗಿತ್ತು.

ಕಣಿವೆ ತೆರೆದುಕೊಂಡಿತು. ಹೊಳೆ, ಸೇತುವೆ, ಮಂಜು. ಚುಕ್ಕಿ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದಳು. ನೆಲದ ಮೇಲೆ ದಾರಿ ತೋರಿಸಬೇಕಿದ್ದ ಬಂಗಾರದ ಬಾಣ ಇಲ್ಲ. ಎಡಗಡೆ ಮಾಡಬೇಕಾದ ಕೆಲಸಗಳ ಪಟ್ಟಿ ಇಲ್ಲ. ಮೂಲೆಯ ಪುಟ್ಟ ನಕ್ಷೆ ಇಲ್ಲ. ಒಂದೇ ಒಂದು ಚುಕ್ಕಿಯೂ ಇಲ್ಲ. ಅವಳು ಮೌನಿಯ ಕಡೆ ತಿರುಗಿದಳು. ಅವನು ನಾಲಿಗೆ ಕಚ್ಚಿಕೊಂಡ. ಜಾಹೀರಾತಿಗೆ ಫೋಟೊ ಬೇಕೆಂದು ಯಜಮಾನರು ಕೇಳಿದ್ದರಿಂದ, ಚಿತ್ರ ಚೆಂದ ಬರಲಿ ಎಂದು ನಿನ್ನೆ ಎಲ್ಲ ಗುರುತುಗಳನ್ನೂ ಅಳಿಸಿದ್ದ. ವಾಪಸು ಹಾಕಲು ಮರೆತಿದ್ದ.

“ನಿಲ್ಲಿಸಿ, ನಿಲ್ಲಿಸಿ...” ಎಂದು ಚುಕ್ಕಿ ಮುಂದೆ ಬಂದಳು.

ಬಣ್ಣದಕ್ಕ ಅವಳ ಮೊಣಕೈ ಹಿಡಿದಳು. “ಸುಮ್ನಿರು ಸ್ವಲ್ಪ. ನೋಡೋಣ.”

“ಇಲ್ಲಿ ಯಾರೂ ಏನೂ ಹೇಳಲ್ವಾ?” ಎಂದಳು ದೊಡ್ಡಮ್ಮ. “ಒಳ್ಳೇದೇ ಆಯ್ತು. ನಮ್ಮ ಪೋಸ್ಟ್ ಮಾಸ್ಟರು ಹೇಳಿದ ದಾರಿಯಲ್ಲಿ ಹೋಗಿದ್ರೆ ನಾನು ಇನ್ನೂ ಪತ್ರ ಹಂಚ್ತಾನೇ ಇರ್ತಿದ್ದೆ.”

ಹೇಳುತ್ತಲೇ ರಿಪೇರಿಯವಳನ್ನು ಎರಡು ಸುತ್ತು ತಿರುಗಿಸಿ, ಸೇತುವೆಯ ಕಡೆಗಲ್ಲ, ಅದರ ಹಿಂದಿನ ದಿಬ್ಬದ ಮೇಲಕ್ಕೆ ಹತ್ತಿಸಿದಳು. ಆ ದಿಬ್ಬವನ್ನು ಈವರೆಗೆ ಯಾರೂ ಹತ್ತಿರಲಿಲ್ಲ. ಅಲ್ಲಿ ಹಳದಿ ಚುಕ್ಕಿ ಇರಲಿಲ್ಲವಲ್ಲ.

“ಅಲ್ಲೇನಿಲ್ಲ ದೊಡ್ಡಮ್ಮ.”

“ಏನಿಲ್ಲ ಅಂದ್ರೆ? ಇಡೀ ಊರು ಕಾಣುತ್ತೆ. ಹೊಸ ಬಡಾವಣೆ ಕೊಟ್ಟ ದಿನ ನಾನು ಮೊದಲು ನೀರಿನ ಟ್ಯಾಂಕ್ ಹತ್ತಿ ನೋಡ್ತಿದ್ದೆ. ಯಾವ ಮನೆ ಚಿಮಣೀಲಿ ಹೊಗೆ ಇದೆ, ಎಲ್ಲಿ ಬಟ್ಟೆ ಒಣಗ್ತಿದೆ, ಯಾವ ಅಂಗಳದಲ್ಲಿ ನಾಯಿ ಇದೆ. ಆಮೇಲೆ ಇಳಿಯೋದು.” ಅವಳು ಕನ್ನಡಕ ಸರಿಮಾಡಿಕೊಂಡಳು. “ಅಗೋ, ಹೊಗೆ. ಅಲ್ಲಿ ಯಾರೋ ಎದ್ದಿದ್ದಾರೆ. ಹೋಗಿ ಮಾತಾಡಿಸೋಣ.”

ಬಣ್ಣದಕ್ಕನ ಮುಖ ಸಣ್ಣಗಾಯಿತು. ಆ ಹೊಗೆ ಬರಿಯ ಚೆಂದಕ್ಕೆ ಬರೆದದ್ದು. ದೊಡ್ಡಮ್ಮ ಬೇಲಿ ದಾಟಿ, ಹಳ್ಳ ದಾಟಿ, ಎರಡು ಸಲ ಜಾರಿ ಬಿದ್ದು, “ಅಯ್ಯೋ, ಇಲ್ಲಾದರೂ ಮಂಡಿ ನೋಯಲ್ಲ!” ಎಂದು ನಕ್ಕು ಆ ಮನೆ ತಲುಪಿ ಬಾಗಿಲು ಬಡಿದಳು. ಬಾಗಿಲು ತೆರೆಯಲಿಲ್ಲ. ಅದು ಬಾಗಿಲೇ ಅಲ್ಲ, ಗೋಡೆಯ ಮೇಲಿನ ಚಿತ್ರ.

“ಹೊಗೆ ಬರ್ತಿದೆ, ಒಳಗೆ ಜನ ಇಲ್ಲ. ಇದೆಂಥ ಮನೆಯೇ?”

“ಅದು... ಅಂದಕ್ಕೆ ಇಟ್ಟಿದ್ದು” ಎಂದಳು ಬಣ್ಣದಕ್ಕ.

“ಅಂದ ಚೆನ್ನಾಗಿದೆ ತಾಯಿ, ಇಲ್ಲ ಅನ್ನಲ್ಲ. ಅದಕ್ಕೇ ತಾನೇ ಅಷ್ಟು ದೂರದಿಂದ ನಡೆದು ಬಂದೆ. ಬಂದವಳಿಗೆ ಒಂದು ಮಾತಾದರೂ ಬೇಡವಾ?”

ಮುಂದೆ ಗಿರಣಿಯವನು ಸಿಕ್ಕಿದ. ಅವನ ಗಡಿಯಾರ ರಿಪೇರಿಯಾಯಿತು. ಅರ್ಧ ಗಂಟೆ ಬಿಟ್ಟು ದೊಡ್ಡಮ್ಮ ಅದೇ ದಾರಿಯಲ್ಲಿ ಬಂದು ಗುಂಡಿ ಒತ್ತಿದಾಗ, ಅವನು ಮೊದಲ ಸಲ ಹೇಳಿದ್ದನ್ನೇ ಹೇಳಿದ: “ಯಾರಮ್ಮ ನೀನು? ನಿನ್ನನ್ನು ಇಲ್ಲಿ ಕಂಡೇ ಇಲ್ಲವಲ್ಲ.”

“ಆಹಾ, ಪುಣ್ಯಾತ್ಮ! ಈಗ ತಾನೇ ಗಡಿಯಾರ ಸರಿಮಾಡಿ ಕೊಟ್ಟೆ. ಕೈ ತೊಳೆಯೋದರೊಳಗೆ ಮರೆತುಬಿಟ್ಟನಲ್ಲ!” ದೊಡ್ಡಮ್ಮನಿಗೆ ನಿಜವಾಗಿಯೂ ಬೇಸರವಾಗಿತ್ತು. “ಮೂವತ್ತೊಂದು ವರ್ಷ ಪತ್ರ ಹಂಚಿದ್ದೀನಿ ಮರಿ. ಒಬ್ಬರೂ ಎರಡನೇ ಸಲ ಯಾರು ನೀನು ಅಂತ ಕೇಳಿಲ್ಲ. ಒಬ್ಬಾಕೆ ನಾನು ಬರೋ ಹೊತ್ತಿಗೆ ಗೇಟಿನ ಮೇಲೆ ಒಂದು ಲೋಟ ನೀರು ಇಟ್ಟಿರ್ತಿದ್ದಳು, ಮೇಲೆ ತಟ್ಟೆ ಮುಚ್ಚಿ. ಅವಳ ಮುಖ ನಾನು ನೋಡಿದ್ದೇ ಕಡಿಮೆ.”

ಒಂದು ಗಂಟೆ ಎರಡಾಯಿತು, ಎರಡು ಮೂರಾಯಿತು. ಮಧ್ಯೆ ಹುಲ್ಲಿನ ಮೇಲೂ ಒಂದು ದೂರು ಬಂತು. “ಈ ಸೇತುವೆಗೂ ಗಿರಣಿಗೂ ಐದು ಸಲ ಓಡಾಡಿದೆ. ಹುಲ್ಲು ಒಂದು ಎಸಳೂ ಬಾಗಿಲ್ಲ. ಜನ ನಡೆಯೋ ಕಡೆ ಕಾಲುದಾರಿ ಬೀಳಬೇಕಲ್ವಾ?”

“ಸಾಕು ಏಳು ದೊಡ್ಡಮ್ಮ, ಊಟದ ಹೊತ್ತು.”

“ತಡಿಯೇ, ಆ ಗುಡ್ಡದಾಚೆ ಏನೋ ಮಿಣುಕ್ತಾ ಇದೆ. ಅದೊಂದು ನೋಡಿ ಎದ್ದುಬಿಡ್ತೀನಿ.”

ಇದನ್ನು ಅವಳು ಹೇಳಿದ್ದು ಅದು ನಾಲ್ಕನೇ ಸಲ. ಡೋಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

ಅವಳು ಹೋದ ಮೇಲೆ ಚುಕ್ಕಿ ಅವಳ ದಾರಿಯನ್ನು ತೆಗೆದು ನೋಡಿದಳು. ಬೆಕ್ಕು ಆಡಿ ಬಿಟ್ಟ ಉಣ್ಣೆಯ ಉಂಡೆಯಂತೆ ಇಡೀ ಕಣಿವೆಯ ತುಂಬ ಗೆರೆ ಸಿಕ್ಕುಹಾಕಿಕೊಂಡಿತ್ತು. ಜಲಪಾತದ ಮುಂದೆ ಗೆರೆ ಆರು ನಿಮಿಷ ಒಂದೇ ಕಡೆ ನಿಂತಿತ್ತು.

“ನಿಂತು ನೋಡಿದ್ದಾರೆ” ಎಂದಳು ಬಣ್ಣದಕ್ಕ.

ಮೌನಿ ಕೆಮ್ಮಿದ. “ಫೋಟೊ ಚೆಂದ ಬರಲಿ ಅಂತ ಬಾಣ, ಪಟ್ಟಿ ಎಲ್ಲಾ ತೆಗೆದೆ ಅಲ್ವಾ. ಫೋಟೊಗೆ ಬೇಡ ಅಂದಮೇಲೆ ಆಟಕ್ಕೆ ಯಾಕೆ ಬೇಕು?”

ಚುಕ್ಕಿ ತನ್ನ ನಾನೂರ ಹನ್ನೆರಡು ಹಳದಿ ಚುಕ್ಕಿಗಳನ್ನು ನೋಡಿದಳು. ಪ್ರತಿಯೊಂದೂ ಅವಳೇ ಇಟ್ಟದ್ದು. ಆಡುವವರು ಏನನ್ನೂ ತಪ್ಪಿಸಿಕೊಳ್ಳಬಾರದು ಎಂಬ ಅಕ್ಕರೆಯಿಂದಲೇ ಇಟ್ಟದ್ದು. ಈಗ ನೋಡಿದರೆ, ಮಗುವಿನ ಕೈಯನ್ನು ಬಿಡದೆ ಹಿಡಿದು ತೋಟ ತೋರಿಸಲು ಹೊರಟ ಹಾಗಿತ್ತು. ಮಗು ನೋಡುತ್ತಿದ್ದದ್ದು ಬರಿಯ ಕೈಯನ್ನು.

“ಅಳಿಸ್ತೀನಿ” ಎಂದಳು. “ಆದರೆ ಸುಮ್ಮನೆ ಅಳಿಸಿದರೆ ಜನ ದಾರಿ ತಪ್ಪಿ ಬೈಕೊಂಡು ಹೋಗ್ತಾರೆ. ದೊಡ್ಡಮ್ಮ ಬೈದಿದ್ದನ್ನೆಲ್ಲ ಸರಿಮಾಡಬೇಕು. ಮೂರು ದಿನದಲ್ಲಿ ಆಗುತ್ತಾ?”

“ಎಲ್ಲರಿಗೂ ನೆನಪಿನ ಶಕ್ತಿ ಕೊಡೋಕಾಗಲ್ಲ” ಎಂದ ಮೌನಿ. “ಹನ್ನೊಂದು ಜನಕ್ಕೆ ಕೊಡ್ತೀನಿ.”

ಬಣ್ಣದಕ್ಕ ಕಣಿವೆಯ ಹೊಗೆಗಳನ್ನೆಲ್ಲ ಎಣಿಸಿ, ಒಳಗೆ ಜನರಿಲ್ಲದ ಕಡೆಯೆಲ್ಲ ಒಲೆ ಆರಿಸಿದಳು. ಉಳಿದ ಒಂಬತ್ತು ಹೊಗೆಯ ಕೆಳಗೆ ತೆರೆಯುವ ಬಾಗಿಲು ಕೂರಿಸಿದಳು. ಹುಲ್ಲು ಮೂರು ಸಲ ತುಳಿದರೆ ಬಾಗುವಂತೆ, ಹತ್ತು ಸಲ ತುಳಿದರೆ ಕಾಲುದಾರಿಯಾಗುವಂತೆ ಮಾಡಿದಳು. ಡೋಲು ಬುಧವಾರ ಮಧ್ಯಾಹ್ನ ಸ್ಟೀಲ್ ಲೋಟವನ್ನು ಚಮಚದಿಂದ ಹೊಡೆಯುತ್ತ ಕೂತಿದ್ದವನು ಇದ್ದಕ್ಕಿದ್ದಂತೆ ಎದ್ದ.

“ಚುಕ್ಕಿ, ನಮ್ಮ ಗಡಿಯಾರ ರಿಪೇರಿ ಆದಮೇಲೆ ಏನಾಗುತ್ತೆ?”

“ಲೆಕ್ಕಕ್ಕೆ ಒಂದು ಸೇರುತ್ತೆ. ನೂರರಲ್ಲಿ ಮೂರು ಮುಗೀತು ಅಂತ ಬರುತ್ತೆ.”

“ಥೂ! ಗಡಿಯಾರ ಓಡಿದರೆ ಗಂಟೆ ಹೊಡೆಯಬೇಕು ಕಣ್ರೀ. ಕಣಿವೆಯಾಚೆಗೂ ಕೇಳಿಸಬೇಕು. ಕೇಳಿದವರು ಆ ಹೊತ್ತಿಗೆ ಎದ್ದು ಕೆಲಸ ಶುರುಮಾಡಬೇಕು. ಶಾಲೆಯ ಗಡಿಯಾರ ಮೊದಲು ಸರಿಮಾಡಿದರೆ ಮಕ್ಕಳು ಬೀದಿಗೆ ಬರ್ತಾರೆ. ಬೇಕರಿಯದು ಮಾಡಿದರೆ ಬ್ರೆಡ್ಡು. ಯಾರು ಯಾವುದನ್ನು ಮೊದಲು ಮುಟ್ಟಿದರೋ, ಅವರ ಕಣಿವೆ ಆ ಥರ ಏಳುತ್ತೆ.”

ಚುಕ್ಕಿ ಅವನನ್ನೇ ನೋಡಿದಳು. “ಹದಿನಾಲ್ಕು ತಿಂಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೆಯಾ?”

“ನೀವು ಕೇಳಿದ್ದು ಬರಿ ಹಕ್ಕಿ ಸದ್ದು, ನೀರಿನ ಸದ್ದು. ನಾನು ಕೊಟ್ಟೆ.”

ಗುರುವಾರವಿಡೀ ಕೋಣೆಯಲ್ಲಿ ಬೆರಳುಗಳ ಸದ್ದೇ ಸದ್ದು. ಚುಕ್ಕಿ ಒಂದೊಂದೇ ಚುಕ್ಕಿ ಅಳಿಸುತ್ತ, ಅದರ ಬದಲಿಗೆ ದೂರದಿಂದ ಕಾಣುವ ಏನನ್ನಾದರೂ ಇಟ್ಟಳು: ಒಂದು ಬಾಗಿದ ಮರ, ಕೆಂಪು ಬಟ್ಟೆ, ಬಿಸಿಲಿಗೆ ಮಿಂಚುವ ತಗಡು. ಕೊನೆಯ ಚುಕ್ಕಿ ಅಳಿಸುವಾಗ ಕೈ ಒಂದಿಷ್ಟು ತಡೆಯಿತು. ಮೌನಿ ಎದ್ದುಬಂದು, ಅದು ಅಳಿಯುವವರೆಗೂ ಪಕ್ಕದಲ್ಲಿ ನಿಂತಿದ್ದು ಹೋದ.

ಶುಕ್ರವಾರ ಹನ್ನೆರಡಕ್ಕೆ ಯಜಮಾನರು ಬಂದು ಕುರ್ಚಿ ಎಳೆದುಕೊಂಡರು. ಫೋನಿನಲ್ಲಿ ಒಂದು ಗಂಟೆಗೆ ಅಲಾರಂ ಇಟ್ಟು ಮೇಜಿನ ಮೇಲಿಟ್ಟರು.

“ಬಾಣ ಎಲ್ಲಿ?”

ಚುಕ್ಕಿ ಕುರ್ಚಿಯಿಂದ ಅರ್ಧ ಎದ್ದಳು. “ಇಲ್ಲ ಸಾರ್.”

“ಇಲ್ಲ ಅಂದ್ರೆ?”

“ಬೇಕಂತಲೇ ಇಲ್ಲ.”

ಯಜಮಾನರು ಹುಬ್ಬು ಗಂಟಿಕ್ಕಿದರು. ಸೇತುವೆಯ ಮೇಲೆ ಅತ್ತ ಹೋದರು, ಇತ್ತ ಬಂದರು. ಹೊಳೆಗೆ ಬಿದ್ದರು. ಎದ್ದು ಬಂದು ಮತ್ತೆ ಬಿದ್ದರು. ಹತ್ತು ನಿಮಿಷ ಕಳೆಯಿತು. ಬಣ್ಣದಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಡೋಲು ಜೀವಮಾನದಲ್ಲೇ ಮೊದಲ ಸಲ ಯಾವುದನ್ನೂ ಬಡಿಯದೆ ಕೂತಿದ್ದ. ಹಿಂದಿನ ದಿಬ್ಬ ಹತ್ತಿ ನೋಡಿ ಎಂದು ಹೇಳಲು ಚುಕ್ಕಿಯ ನಾಲಿಗೆ ತುರಿಸಿತು. ಹೇಳಿದರೆ ಅವಳೇ ಮತ್ತೆ ಬಾಣವಾದ ಹಾಗೆ. ಅವಳು ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂತಳು.

ಯಜಮಾನರು ಫೋನಿನ ಕಡೆ ಕಣ್ಣು ಹಾಯಿಸಿದರು. ಆಮೇಲೆ, ಹೊಳೆಗೆ ಬಿದ್ದದ್ದರಿಂದಲೇ ಇರಬೇಕು, ದಡದಲ್ಲಿ ಮಗುಚಿಟ್ಟ ದೋಣಿಯೊಂದು ಅವರ ಕಣ್ಣಿಗೆ ಬಿತ್ತು. ಅದರ ಪಕ್ಕದ ಗುಡಿಸಲಿನಲ್ಲಿ ದೋಣಿಯವನು ಮಲಗಿದ್ದ. ಹೊತ್ತೇ ಗೊತ್ತಾಗದ ಮೇಲೆ ಯಾವಾಗ ಹೊರಡುವುದು ಎಂದು ಗೊಣಗಿದ. ಯಜಮಾನರು ಅವನ ಗಡಿಯಾರ ಸರಿಮಾಡಿದರು. ಟಣ್ ಎಂದು ಗಂಟೆ ಹೊಡೆದು ಕಣಿವೆಯ ತುಂಬ ಹರಡಿತು. ದೂರದಲ್ಲಿ ಎಲ್ಲೋ ಒಂದು ಕಿಟಕಿ ತೆರೆಯಿತು.

“ಅದ್ಯಾರು ಕಿಟಕಿ ತೆಗೆದಿದ್ದು?”

ಯಜಮಾನರು ರಿಪೇರಿಯವಳನ್ನು ಆ ಕಿಟಕಿಯ ಕಡೆಗೆ ನಡೆಸಿದರು. ವಾಪಸು ಬರುವಷ್ಟರಲ್ಲಿ ದೋಣಿಯವನು ಸರಿಯಾದ ಹೊತ್ತಿಗೆ ದೋಣಿ ಬಿಟ್ಟು, ಹೊಳೆಯ ನಡುವೆ ಹುಟ್ಟು ಹಾಕುತ್ತಿದ್ದ.

“ಏಯ್! ಗಡಿಯಾರ ರಿಪೇರಿ ಮಾಡಿದ್ದು ನಾನು! ನನ್ನನ್ನೇ ಬಿಟ್ಟು ಹೋದ್ನಲ್ಲ ಇವನು!”

ಹೇಳಿದವರೇ ಗೊಳ್ಳೆಂದು ನಕ್ಕರು. ಆ ಕೋಣೆಯಲ್ಲಿ ಅವರ ನಗುವನ್ನು ಯಾರೂ ಕೇಳಿರಲಿಲ್ಲ. ಡೋಲು ಬೆಚ್ಚಿ ಮೌನಿಯ ಮುಖ ನೋಡಿದ. ಮುಂದಿನ ಸಲ, ಅಂದರೆ ಆಟದೊಳಗಿನ ಮಾರನೆಯ ಬೆಳಿಗ್ಗೆ, ಯಜಮಾನರು ಬೇಗನೆ ದಡಕ್ಕೆ ಹೋಗಿ ನಿಂತರು. ದೋಣಿಯವನು ಅವರನ್ನು ನೋಡಿ ಹೇಳಿದ: “ನಿನ್ನೆ ತಪ್ಪಿಸಿಕೊಂಡೆಯಲ್ಲ ತಾಯಿ. ಇವತ್ತು ಎರಡು ನಿಮಿಷ ನಿನಗಾಗಿ ಕಾಯೋಣ ಅಂತಿದ್ದೆ.”

ಯಜಮಾನರ ಭುಜಗಳು ಸ್ವಲ್ಪ ಕೆಳಗಿಳಿದವು, ಬೆನ್ನು ಕುರ್ಚಿಗೆ ಒರಗಿತು. ರಿಪೇರಿಯವಳನ್ನು ಹತ್ತಿಸಿಕೊಂಡು ದೋಣಿ ಆಚೆ ದಡದ ಕಡೆ ಸಾಗಿತು. ಅಲ್ಲಿ ಮಂಜಿನೊಳಗೆ ಏನೋ ಕೆಂಪಗೆ ಅಲ್ಲಾಡುತ್ತಿತ್ತು.

ಫೋನು ಕಿರುಚಿತು. ಒಂದು ಗಂಟೆ ಮುಗಿದಿತ್ತು. ಅವರು ಕಣ್ಣು ತೆಗೆಯದೆ, ಕೈಯಾಡಿಸಿ ತಡಕಾಡಿ ಅದರ ಬಾಯಿ ಮುಚ್ಚಿಸಿದರು.

“ಅದೇನು ಅಲ್ಲಿ, ಕೆಂಪಗೆ?”

“ಹೋಗಿ ನೋಡಿ ಸಾರ್” ಎಂದಳು ಚುಕ್ಕಿ.

“ನೋಡ್ತೀನಿ. ಕಾರ್ ರೇಸಿನವರಿಗೆ ಹೇಳಿಬಿಡಿ, ಬೇರೆ ಜನ ಹುಡುಕಿಕೊಳ್ಳಲಿ.”

ಬಣ್ಣದಕ್ಕ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಡೋಲು ಮೌನಿಯ ಬೆನ್ನಿನ ಮೇಲೆ ಮೆಲ್ಲಗೆ ತಾಳ ಹಾಕಿದ. ಚುಕ್ಕಿಗೆ ಎದ್ದು ಕುಣಿಯಬೇಕೆನಿಸಿತು. ಆದರೆ ಬೆಳಿಗ್ಗೆಯಿಂದ ಒಂದು ಲೋಟ ಕಾಫಿ ಬಿಟ್ಟು ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೊಟ್ಟೆ ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಿತು.

ಯಜಮಾನರ ಹೆಬ್ಬೆರಳು ರಿಪೇರಿಯವಳನ್ನು ಆ ಕೆಂಪಿನ ಕಡೆಗೆ ನಡೆಸುತ್ತಲೇ ಇತ್ತು. ಅವರು ಇನ್ನೊಂದು ಕೈಯನ್ನು ಕುರ್ಚಿಯ ಪಕ್ಕದ ಚೀಲಕ್ಕೆ ಇಳಿಸಿ, ಮನೆಯಿಂದ ತಂದಿದ್ದ ಊಟದ ಡಬ್ಬಿಯನ್ನು ಹೊರತೆಗೆದರು. ಪರದೆಯಿಂದ ಕಣ್ಣು ತೆಗೆಯದೆ, ಇನ್ನೂ ಬೆಚ್ಚಗಿದ್ದ ಆ ಡಬ್ಬಿಯನ್ನು, ಮೇಲೊಂದು ಚಮಚ ಇಟ್ಟು, ಚುಕ್ಕಿಯ ಮಡಿಲಿಗೆ ಕೊಟ್ಟರು.